ದುಂಡು ಸೀಲಿಗೆ ಕಾದ ಅರವತ್ತು ದಿನ

ಅಮೆರಿಕಕ್ಕೆ ಹೋಗಿ ಬಂದವರು ಜಲಪಾತದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಅಂಥದ್ದೊಂದೂ ಇಲ್ಲ. ಮೂರು ತಿಂಗಳು ಇದ್ದು ನಾನು ನೋಡಿದ್ದು ಒಂದು ದೇವಸ್ಥಾನ, ಒಂದು ಲೈಬ್ರರಿ, ಮತ್ತೆ ರಸ್ತೆ ಬದಿಯ ಕಂಬದ ಮೇಲೆ ಕೂತ ಒಂದು ಟಪಾಲು ಡಬ್ಬಿ. ಆ ಡಬ್ಬಿಯ ಮುಂದೆ ನಿಂತಷ್ಟು ಹೊತ್ತು ನಾನು ಯಾವ ದೇವರ ಮುಂದೆಯೂ ನಿಂತವಳಲ್ಲ.

ಆರ್‌ಪಿಸಿ ಲೇಔಟ್

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಪದ್ಮಾ, ಮನೆ ವಿಜಯನಗರದ ಪಕ್ಕದ ಆರ್‌ಪಿಸಿ ಲೇಔಟ್. ಮೂವತ್ತೊಂದು ವರ್ಷ ಕೌಂಟರಿನ ಒಳಗೆ ಕೂತು ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಯ ಅರ್ಜಿಗಳನ್ನು ನೋಡಿದವಳು. ಆಫೀಸಿನಲ್ಲಿ ನನ್ನನ್ನು ಹಿಂದಿನಿಂದ 'ಸೀಲು ಪದ್ಮಮ್ಮ' ಎನ್ನುತ್ತಿದ್ದರು. ಸೀಲಿಲ್ಲದ ಕಾಗದವನ್ನು ನಾನು ಕಾಗದ ಎಂದು ಒಪ್ಪುತ್ತಿರಲಿಲ್ಲ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೆ ಖುಷಿಯೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನನಗೆ ಒಬ್ಬಳೇ ತಂಗಿ, ಸುಮಾ. ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಜಡೆ ಹಾಕಿದ್ದರಿಂದ ಹಿಡಿದು ಪಾಸ್‌ಪೋರ್ಟ್ ಮಾಡಿಸುವ ತನಕ ಎಲ್ಲವೂ ನನ್ನ ಕೈಯಲ್ಲೇ ಆಯಿತು. ಅವಳ ಗಂಡ ಶ್ರೀಧರ ಬಸವೇಶ್ವರನಗರದ ಒಂದು ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು. ಕೆಲವು ವರ್ಷದ ಹಿಂದೆ ಅಮೆರಿಕದ ಒಂದು ದೇವಸ್ಥಾನಕ್ಕೆ ಕರೆ ಬಂತು, ಗಂಡ ಹೆಂಡತಿ ಹೋದರು. ಅಲ್ಲೇ ನೆಲೆಸಬಹುದು ಎನ್ನುವ ಗ್ರೀನ್ ಕಾರ್ಡೂ ಬಂತು.

ಕಳೆದ ಬೇಸಿಗೆಯಲ್ಲಿ ಅವರು ಒಹಾಯೋ ರಾಜ್ಯದ ಬೇರೊಂದು ಊರಿನ ಪುಟ್ಟ ದೇವಸ್ಥಾನಕ್ಕೆ ಹೋದರು. ಹಳೆಯ ದೇವಸ್ಥಾನದವರು ಆರೋಗ್ಯ ವಿಮೆ ಮಾಡಿಸಿದ್ದರು. ಹೊಸದರಲ್ಲಿ ಅದಕ್ಕೆ ಶಕ್ತಿಯಿರಲಿಲ್ಲ. ಮೇ ತಿಂಗಳ ಕೊನೆಯ ದಿನಕ್ಕೆ ವಿಮೆ ನಿಂತುಹೋಯಿತು. ಸುಮಾಗೆ ಸಕ್ಕರೆ ಕಾಯಿಲೆ ಮೊದಲಿಂದ ಇದೆ. ಅದು ಎಡಗಣ್ಣಿನ ಹಿಂಭಾಗಕ್ಕೆ ಇಳಿದಿತ್ತು, ರಕ್ತನಾಳಗಳಿಂದ ರಕ್ತ ಜಿನುಗುತ್ತಿತ್ತು. ಕಣ್ಣಿಗೆ ಒಂದು ಇಂಜೆಕ್ಷನ್ ಆಗಿತ್ತು, ಎರಡನೆಯದು ಬಾಕಿ. ವಿಮೆಯಿಲ್ಲದೆ ಅದನ್ನು ಕೊಡಿಸುವುದು ಅರ್ಚಕರ ಕೈಲಾಗುವ ಮಾತಲ್ಲ.

"ಅಕ್ಕಾ, ಇಲ್ಲಿನ ಫಾರಮ್ಮು ನಂಗೆ ತಲೆಗೇ ಹತ್ತಲ್ಲ. ನೀನು ಬಂದ್ರೆ ಆಗುತ್ತೆ" ಎಂದಳು ಫೋನಿನಲ್ಲಿ.

ವಿಮೆಯ ಅರ್ಜಿಗೆ ನನ್ನನ್ನು ಕರೆಯುವುದೆಂದರೆ ಮೀನಿಗೆ ಈಜಲು ಕರೆದಂತೆ. ಜೂನ್ ನಡುವಿನಲ್ಲಿ ಹೊರಟೆ.

ದೇವಸ್ಥಾನದ ಹಿಂದಿನ ಮನೆ

ದೇವಸ್ಥಾನ ಎಂದರೆ ಗೋಪುರ ಹುಡುಕಬೇಡಿ. ಹಿಂದೆ ಅದು ಕಾರ್ಪೆಟ್ ಅಂಗಡಿಯಾಗಿತ್ತಂತೆ. ಗಾಜಿನ ಬಾಗಿಲು ತಳ್ಳಿದರೆ ವೆಂಕಟರಮಣ ನಿಂತಿದ್ದಾನೆ. ಹಿಂದುಗಡೆ ಎರಡು ಕೋಣೆಯ ಮನೆ. ಭಕ್ತರು ಕಾರಿನಲ್ಲಿ ಬರುತ್ತಾರೆ, ಕಾರಿನಲ್ಲಿ ಹೋಗುತ್ತಾರೆ. ನಮ್ಮ ವಿಜಯನಗರದಲ್ಲಿ ಬಾಗಿಲು ತೆಗೆದರೆ ಸೊಪ್ಪಿನವಳಿಂದ ಹಿಡಿದು ಗ್ಯಾಸಿನವನ ತನಕ ಹತ್ತು ಮುಖ ಕಾಣುತ್ತವೆ. ಇಲ್ಲಿ ಬಾಗಿಲು ತೆಗೆದರೆ ಹುಲ್ಲು. ಮೂರನೇ ದಿನ ನಾನು ಆ ಹುಲ್ಲಿಗೇ ಏನಾದರೂ ಹೇಳೋಣವೇ ಎನ್ನುವ ಸ್ಥಿತಿಗೆ ಬಂದೆ.

ಸುಮಾ ಬೆಳಿಗ್ಗೆ ಹೊತ್ತು ದೇವರಿಗೆ ಹೂ ಕಟ್ಟುತ್ತಿದ್ದಳು. ಹೂವಾಡಗಿತ್ತಿಯರು ಇಲ್ಲದ ಊರು. ಹಿತ್ತಲಿನಲ್ಲಿ ಅವಳೇ ಬೆಳೆಸಿದ ಸೇವಂತಿಗೆ, ಅಂಗಡಿಯಿಂದ ತಂದ ಬಿಳಿ ಹೂ. ಆಗಲೇ ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ನೋಡಿ ಗಂಟು ಹಾಕುತ್ತಿದ್ದಳು.

"ಮಂಜು ಮಂಜು ಅಷ್ಟೇ ಅಕ್ಕ. ಎರಡನೇ ಇಂಜೆಕ್ಷನ್ ಆದ್ರೆ ಸರಿಹೋಗುತ್ತೆ ಅಂದಿದಾರೆ."

ನಾನು ನನ್ನ ಬಳೆ ಬಿಚ್ಚಿ ಕೊಡಲು ಹೋದೆ. ಅವಳು ನಕ್ಕು ವಾಪಸ್ ತೊಡಿಸಿದಳು. "ವಿಮೆ ಬಂದ್ಮೇಲೆ ಬಳೆ ಯಾಕೆ ಬೇಕು? ನೀನೇ ಬಂದಿದೀಯಲ್ಲ."

ಲೈಬ್ರರಿ, ಮಂಗಳವಾರ

ಆ ಊರಿನ ಲೈಬ್ರರಿಯಲ್ಲಿ ಮಂಗಳವಾರಗಳಂದು ಲೊರೇನ್ ಎನ್ನುವ ಹೆಂಗಸು ಕೂರುತ್ತಿದ್ದರು. ವಿಮೆಯ ಅರ್ಜಿ ತುಂಬಲು ಜನರಿಗೆ ನೆರವಾಗುವುದೇ ಅವರ ಕೆಲಸ. ಒಳಗೆ ದಪ್ಪ ಕಾರ್ಪೆಟ್ ಇತ್ತು. ನಾನು ಅಭ್ಯಾಸಬಲದಿಂದ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬರಿಗಾಲಲ್ಲಿ ಹೋದೆ. ಯಾರೋ ಪುಣ್ಯಾತ್ಮರು ಅದನ್ನು ಕಳೆದುಹೋದ ವಸ್ತು ಎಂದು ಎತ್ತಿಕೊಂಡು ಹೋಗಿ ಕೌಂಟರಿಗೆ ಕೊಟ್ಟಿದ್ದರು. ವಾಪಸ್ ಕೇಳಲು ಹೋದರೆ ಅಲ್ಲಿದ್ದವರು ಒಂದೂ ಪ್ರಶ್ನೆ ಕೇಳದೆ ಕೊಟ್ಟುಬಿಟ್ಟರು. ಇದು ನನ್ನದೇ ಚಪ್ಪಲಿ ಎನ್ನುವುದಕ್ಕೆ ಇವರಿಗೆ ಪುರಾವೆ ಬೇಡವೇ ಎಂದು ನನಗೆ ಕಸಿವಿಸಿಯಾಯಿತು. ಆ ದೇಶ ಅಂದೇ ನನಗೆ ಒಂದು ಪಾಠ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಲೊರೇನ್‌ಗೆ ನನ್ನದೇ ವಯಸ್ಸಿರಬೇಕು. ಕ್ಯಾರೆಟ್ ಕಡಿಯುತ್ತಾ ಕೆಲಸ ಮಾಡುವುದು ಅವರ ರೂಢಿ. ಯಾರು ಏನು ಹೇಳಿದರೂ "ಬಹಳ ಚೆನ್ನಾಗಿ ಮಾಡ್ತಿದೀರಿ" ಎನ್ನುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ್ದು ಇಷ್ಟು. ಬಡವರಿಗೆಂದು ಸರ್ಕಾರವೇ ಕೊಡುವ ವಿಮೆ ಸುಮಾಗೆ ಸಿಗುವುದಿಲ್ಲ, ಏಕೆಂದರೆ ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗಬೇಕು. ಆದರೆ ಸರ್ಕಾರ ಒಂದು ಭಾಗ ಭರಿಸಿ, ಉಳಿದ ಸ್ವಲ್ಪವನ್ನು ನಾವು ಕಟ್ಟುವ ಇನ್ನೊಂದು ಬಗೆಯ ವಿಮೆಯಿದೆ. ಅದಕ್ಕೆ ಗ್ರೀನ್ ಕಾರ್ಡಿನವರು ಅರ್ಹರು. ಹಳೆಯ ವಿಮೆ ನಿಂತ ಅರವತ್ತು ದಿನದೊಳಗೆ ಸೇರಬೇಕು. ಅದು ತಪ್ಪಿದರೆ ನವೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯುತ್ತದೆ, ವಿಮೆ ಶುರುವಾಗುವುದು ಜನವರಿಗೆ.

ಶ್ರೀಧರ ಅಂಜುತ್ತಾ ಕೇಳಿದರು. ಸರ್ಕಾರದ ನೆರವು ತೆಗೆದುಕೊಂಡರೆ ಮುಂದೆ ಪೌರತ್ವ ಕೊಡುವುದಿಲ್ಲ ಎಂದು ದೇವಸ್ಥಾನದಲ್ಲಿ ಯಾರೋ ಹೆದರಿಸಿದ್ದರು. ಈ ವಿಮೆಯನ್ನು ಅದಕ್ಕೆ ಲೆಕ್ಕ ಹಿಡಿಯುವುದಿಲ್ಲ ಎಂದರು ಲೊರೇನ್. ಶ್ರೀಧರರಿಗೆ ಎಷ್ಟು ನಿರಾಳವಾಯಿತೆಂದರೆ ಅಲ್ಲೇ ಕೈಮುಗಿದರು.

ಆಮೇಲೆ ಆದಾಯದ ಪ್ರಶ್ನೆ ಬಂತು. ಅರ್ಚಕರ ಆದಾಯ ಎಂದರೆ ಸಂಬಳ ಸ್ವಲ್ಪ, ಮಿಕ್ಕಿದ್ದು ತಟ್ಟೆಗೆ ಬೀಳುವ ದಕ್ಷಿಣೆ. ಒಂದು ತಿಂಗಳಂತೆ ಇನ್ನೊಂದು ಇರುವುದಿಲ್ಲ. "ಅಂದಾಜು ಬರೆಯಿರಿ ಸಾಕು. ಇವತ್ತೇ ಕಳಿಸೋಣ. ದಾಖಲೆ ಬೇಕಾದ್ರೆ ಅವರೇ ಕೇಳ್ತಾರೆ, ಆಮೇಲೆ ಕೊಡೋಕೆ ಸಮಯ ಇರುತ್ತೆ" ಎಂದರು ಲೊರೇನ್.

ಶ್ರೀಧರ ಪೆನ್ನು ಎತ್ತಿಕೊಂಡರು. ನಾನು ಅವರ ಕೈ ತಡೆದೆ.

"ಶ್ರೀಧರ, ನೀವು ಸುಮ್ನಿರಿ. ಅರ್ಧಂಬರ್ಧ ಅರ್ಜಿ ಕೊಟ್ರೆ ರಿಜೆಕ್ಟ್ ಆಗುತ್ತೆ. ಒಂದ್ಸಲ ರಿಜೆಕ್ಟ್ ಅಂತ ಬಿದ್ರೆ ಜನ್ಮಕ್ಕೆ ಅಂಟ್ಕೊಳುತ್ತೆ. ದೇವಸ್ಥಾನದ ಕಮಿಟಿ ಅಧ್ಯಕ್ಷರಿಂದ ಆದಾಯದ ಪತ್ರ ತಗೊಂಡು, ಸೀಲು ಹಾಕಿಸ್ಕೊಂಡು, ಆಮೇಲೆ ಕೊಡೋಣ."

"ಅತ್ತಿಗೆ, ಇವರು ಬೇಡ ಅಂತಿದಾರಲ್ಲ?"

"ಇವರು ಕೌಂಟರ್ ಹೊರಗಡೆ ಕೂತೋರು. ನಾನು ಒಳಗಡೆ ಕೂತಿದ್ದೋಳು."

ಸುಮಾ ಒಂದು ಕ್ಷಣ ಲೊರೇನ್ ಮುಖ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. "ಅಕ್ಕ ಹೇಳಿದ್ಮೇಲೆ ಮುಗೀತು" ಎಂದು ಎದ್ದಳು. ಲೊರೇನ್ ನನಗೆ "ಬಹಳ ಚೆನ್ನಾಗಿ ಮಾಡ್ತಿದೀರಿ" ಎನ್ನಲಿಲ್ಲ. ಸುಮಾಳ ಫೋನ್ ನಂಬರ್ ಮಾತ್ರ ಬರೆದುಕೊಂಡರು.

ಅಧ್ಯಕ್ಷರ ದಾರಿ ಕಾದದ್ದು

ಅಧ್ಯಕ್ಷರು ಊರಿನಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದರು ಗೊತ್ತೇ? ಬಸವೇಶ್ವರನಗರಕ್ಕೆ, ಅಣ್ಣನ ಮಗನ ಉಪನಯನಕ್ಕೆ. ನನ್ನ ಮನೆಯಿಂದ ಆಟೋ ಹತ್ತಿದರೆ ಸಿಗ್ನಲ್ ಸೇರಿ ಇಪ್ಪತ್ತು ನಿಮಿಷ. ಅವರ ಸಹಿ ಬೇಕೆಂದು ನಾನು ಏಳು ಸಮುದ್ರ ದಾಟಿ ಬಂದು ಕೂತಿದ್ದೆ, ಅವರು ನಮ್ಮ ಕಡೆಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದರು. ಇದನ್ನು ಹೇಳಿಕೊಂಡು ನಾವು ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಆ ನಗು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ವಾಟ್ಸ್ಯಾಪಿನಲ್ಲಿ ಪತ್ರ ತರಿಸಿಕೊಳ್ಳೋಣ ಎಂದರು ಶ್ರೀಧರ. "ಮೊಬೈಲಲ್ಲಿ ಬಂದಿದ್ದು ಒರಿಜಿನಲ್ ಆಗುತ್ತೇನ್ರೀ?" ಎಂದು ಬಾಯಿ ಮುಚ್ಚಿಸಿದೆ.

ಅಧ್ಯಕ್ಷರು ಜುಲೈ ಎರಡನೇ ವಾರದಲ್ಲಿ ಬಂದರು. ಒಳ್ಳೆಯ ಮನುಷ್ಯ. ಬಂದ ಮಾರನೆಯ ದಿನವೇ ಪತ್ರ ಬರೆದು ಸಹಿ ಹಾಕಿಕೊಟ್ಟರು. ನಾನು ಪತ್ರವನ್ನು ಆಚೆ ಈಚೆ ತಿರುಗಿಸಿ ನೋಡಿದೆ.

"ಸೀಲು ಎಲ್ಲಿ ಸಾರ್?"

"ನಮ್ಮ ದೇವಸ್ಥಾನಕ್ಕೆ ಸೀಲೇ ಇಲ್ಲ ಮೇಡಂ. ಇಲ್ಲಿ ಯಾರೂ ಕೇಳಲ್ಲ."

"ಕೇಳಿದಾಗ ಏನ್ ಮಾಡ್ತೀರಿ?"

ಅವರು ಸುಮಾಳ ಕಡೆ ನೋಡಿದರು. ಸುಮಾ ನೆಲ ನೋಡಿದಳು.

ಉದ್ದ ಸೀಲು, ದುಂಡು ಸೀಲು

ನಮ್ಮಲ್ಲಿ ರಬ್ಬರ್ ಸ್ಟ್ಯಾಂಪ್ ಬೇಕೆಂದರೆ ಜೆರಾಕ್ಸ್ ಅಂಗಡಿಗೆ ಹೋಗಿ ಹೇಳಿ, ಪಕ್ಕದಲ್ಲಿ ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಕೈಗೆ ಬರುತ್ತದೆ. ಆ ಊರಿನಲ್ಲಿ ಸೀಲು ಮಾಡುವವರೇ ಇಲ್ಲ. ಕಂಪ್ಯೂಟರಿನಲ್ಲಿ ಆರ್ಡರ್ ಕೊಡಬೇಕು, ಟಪಾಲಿನಲ್ಲಿ ಬರಬೇಕು. ಕೊಟ್ಟೆವು. ಆಗ ಶುರುವಾಯಿತು ನನ್ನ ಡಬ್ಬಿ ದರ್ಶನ. ದಿನಾ ಮಧ್ಯಾಹ್ನ ಹೋಗಿ ಅದರ ಬಾಯಿ ತೆಗೆದು ಇಣುಕುವುದು, ಪಿಜ್ಜಾ ಅಂಗಡಿಯ ಕಾಗದ ಎತ್ತಿಕೊಂಡು ಬರುವುದು. ಟಪಾಲಿನವಳು ಗಾಡಿಯಿಂದಲೇ ಕೈ ಬೀಸುತ್ತಿದ್ದಳು. ಅವಳಿಗೆ ನನ್ನ ಮೇಲೆ ಕನಿಕರವಿತ್ತೆಂದು ಕಾಣುತ್ತದೆ.

ಗಡುವಿಗೆ ಇನ್ನೂ ಆರು ದಿನವಿದ್ದಾಗ ಸೀಲು ಬಂತು. ಪೊಟ್ಟಣ ಬಿಚ್ಚಿದೆ, ಉದ್ದ ಸೀಲು. ನಾಲ್ಕು ಮೂಲೆಯ ಚೌಕಟ್ಟಿನಲ್ಲಿ ದೇವಸ್ಥಾನದ ಹೆಸರು, ವಿಳಾಸ. ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು.

"ಸದ್ಯ, ಬಂತಲ್ಲ. ನಾಳೆ ಮಂಗಳವಾರ" ಎಂದಳು ಸುಮಾ.

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಉದ್ದ ಸೀಲು ವ್ಯಕ್ತಿಯ ಹುದ್ದೆಗೆ, ದುಂಡು ಸೀಲು ಸಂಸ್ಥೆಗೆ. ಇದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತದ್ದು. ಉದ್ದ ಸೀಲಿನ ಪತ್ರಗಳನ್ನು ಎಷ್ಟು ಸಲ ವಾಪಸ್ ತಳ್ಳಿದ್ದೇನೋ ಲೆಕ್ಕವಿಲ್ಲ.

"ಇದು ನಡೆಯಲ್ಲ ಕಣೇ. ದುಂಡು ಸೀಲು ತರಿಸೋಣ."

"ಅಕ್ಕಾ, ದಿನ ಇಲ್ವಲ್ಲ."

"ಕೊನೇ ದಿನ ಅನ್ನೋದು ಯಾವತ್ತಾದ್ರೂ ಕೊನೇ ದಿನ ಆಗಿದ್ಯಾ? ಮುಂದಕ್ಕೆ ಹಾಕೇ ಹಾಕ್ತಾರೆ. ಎಷ್ಟು ನೋಡಿಲ್ಲ ನಾನು."

ಅದು ಸುಳ್ಳಲ್ಲ. ನಮ್ಮಲ್ಲಿ ಯಾವ ಕಾರ್ಡಿಗೆ ಯಾವ ನಂಬರ್ ಜೋಡಿಸಬೇಕೆಂದರೂ ಕೊನೆಯ ದಿನ ಬರುತ್ತದೆ, ಜನ ಸಾಲು ನಿಲ್ಲುತ್ತಾರೆ, ಸಂಜೆಗೆ ಮುಂದಕ್ಕೆ ಹಾಕಿದ್ದೇವೆ ಎಂದು ಟಿವಿಯಲ್ಲಿ ಬರುತ್ತದೆ. ಆ ನಂಬಿಕೆಯನ್ನು ನಾನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ವಿಮಾನ ಹತ್ತಿದ್ದೆ. ದುಂಡು ಸೀಲಿಗೆ ಆರ್ಡರ್ ಕೊಡಿಸಿದೆ. ಆ ಮಂಗಳವಾರ ನಾವು ಲೈಬ್ರರಿಗೆ ಹೋಗಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಗಡುವಿಗೆ ಮೂರು ದಿನವಿದ್ದಾಗ ಸುಮಾ ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಗರ್ಭಗುಡಿಯ ಮುಂದೆ ಒರೆಸಲು ಹೋಗಿದ್ದಳು. ಫೋನ್ ಬಂತು, ನಾನೇ ಎತ್ತಿದೆ. ಲೊರೇನ್.

"ಇನ್ನು ಮೂರೇ ದಿನ. ಫೋನಿನಲ್ಲೇ ತುಂಬೋಣ, ಅರ್ಧ ಗಂಟೆ ಸಾಕು. ಸುಮಾ ಇದಾರಾ?"

ಸುಮಾ ಇದ್ದದ್ದು ಒಂದು ಗೋಡೆಯ ಆಚೆ. ನಾನು ನನ್ನ ಇಂಗ್ಲಿಷಿನಲ್ಲಿ, "ಡಾಕ್ಯುಮೆಂಟ್ಸ್ ಆರ್ ಕಮಿಂಗ್, ಥ್ಯಾಂಕ್ಯೂ" ಎಂದು ಇಟ್ಟುಬಿಟ್ಟೆ. ಸುಮಾಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಹೆದರಿ ಅವರ ಮಾತು ಕೇಳಿಬಿಡುತ್ತಾಳೆ ಎಂದುಕೊಂಡೆ.

ಅರವತ್ತಮೂರನೇ ದಿನ

ದುಂಡು ಸೀಲು ಆಗಸ್ಟ್ ಎರಡಕ್ಕೆ ಬಂತು. ವಿಮೆ ನಿಂತು ಅರವತ್ತಮೂರು ದಿನ. ಚೆಂದದ ಸೀಲು, ಸುತ್ತ ಹೆಸರು, ನಡುವೆ ಶಂಖ. ಪತ್ರದ ಮೇಲೆ ಒತ್ತಿ, ಇಂಕು ಆರಿಸಿ, ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇಟ್ಟುಕೊಂಡು ಮುಂದಿನ ಮಂಗಳವಾರ ಮೂವರೂ ಲೈಬ್ರರಿಗೆ ಹೋದೆವು.

ಲೊರೇನ್ ಕ್ಯಾರೆಟ್ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. ಕಂಪ್ಯೂಟರಿನಲ್ಲಿ ತಾರೀಕು ಹಾಕಿ ನಮಗೆ ಕಾಣುವಂತೆ ತಿರುಗಿಸಿದರು. ಬಾಗಿಲು ಮುಚ್ಚಿತ್ತು. ಮುಂದಕ್ಕೆ ಹಾಕಿರಲಿಲ್ಲ.

"ಯಾರನ್ನಾದರೂ ದೊಡ್ಡವರನ್ನ ಕಾಣಬಹುದಾ?" ಎಂದು ಕೇಳಿದೆ. ಮ್ಯಾನೇಜರ್ ಎಲ್ಲಿ ಎಂದು ಎದ್ದು ಕೌಂಟರಿನ ತನಕ ಹುಡುಕಿಕೊಂಡು ಹೋಗಿ ಬಂದೆ, ರಿಕ್ವೆಸ್ಟ್ ಲೆಟರ್ ಬರೆಯೋಣ ಎಂದೆ. ಲೊರೇನ್ ತಾಳ್ಮೆಯಿಂದ ಕೇಳಿಸಿಕೊಂಡರು. ಕಾರಣ ಗಟ್ಟಿಯಿದ್ದರೆ ಮೇಲ್ಮನವಿ ಹಾಕಬಹುದು ಎಂದರು, ಯಾಕೆ ತಡವಾಯಿತು ಎಂದು ಕೇಳಿದರು. ನಾನು ಫೋಲ್ಡರ್ ತೆಗೆದು ಪತ್ರ ಕೊಟ್ಟೆ. ಅವರು ಸೀಲಿನ ಮೇಲೆ ಬೆರಳಾಡಿಸಿ, "ತುಂಬಾ ಚೆನ್ನಾಗಿದೆ. ಆದ್ರೆ ಇದನ್ನ ಯಾರೂ ಕೇಳಿರಲಿಲ್ಲ" ಎಂದರು.

ಆಗ ನನಗೆ ನಾಯಂಡಹಳ್ಳಿಯ ಗೋಡೌನಿನ ಒಬ್ಬ ಕೂಲಿಯವನು ನೆನಪಾದ. ಒಡಿಶಾದವನು. ಹೆಂಡತಿಯ ಚಿಕಿತ್ಸೆಯ ಅರ್ಜಿ ಹಿಡಿದು ಬಂದಿದ್ದ. ಮಾಲೀಕನ ಸೀಲಿಲ್ಲ ಎಂದು ವಾಪಸ್ ಕಳಿಸಿದೆ. ಸೀಲು ಹಾಕಿಸಿಕೊಂಡು ಬಂದ, ಉದ್ದ ಸೀಲು. ಮತ್ತೆ ಕಳಿಸಿದೆ. ಮೂರನೇ ಸಲ ದುಂಡು ಸೀಲು ಬಂತು, ಆದರೆ ಸಹಿಯ ಮೇಲೆ ಬಿದ್ದಿರಲಿಲ್ಲ, ಪಕ್ಕಕ್ಕೆ ಬಿದ್ದಿತ್ತು. ನಾಲ್ಕನೇ ಸಲ ಅವನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವತ್ತು ನಾನು ಯೋಚಿಸಿಯೇ ಇರಲಿಲ್ಲ. ಆ ಲೈಬ್ರರಿಯಲ್ಲಿ ಕೂತು ಮೊದಲ ಸಲ ಯೋಚಿಸಿದೆ.

ಕಾರಿನಲ್ಲಿ ಸುಮಾ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಿದ್ದಳು. "ಜನವರಿ ತಾನೇ ಅಕ್ಕ, ಬಂದೇ ಬಿಡುತ್ತೆ" ಎಂದಳು. ಸಮಾಧಾನ ಹೇಳಬೇಕಾದವಳು ನಾನು.

ಬೆಂಗಳೂರಿಗೆ ಬಂದುಬಿಡು, ಅಲ್ಲೇ ಇಂಜೆಕ್ಷನ್ ಕೊಡಿಸುತ್ತೇನೆ ಎಂದು ಸೆಪ್ಟೆಂಬರಿನಲ್ಲಿ ಹೊರಡುವಾಗ ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲವನ್ನೂ ಮಾಡಿದೆ. ನವರಾತ್ರಿ ಇದೆ, ಅವರೊಬ್ಬರೇ ಆಗುತ್ತಾರೆ, ದೀಪಾವಳಿ ಆಗಲಿ ಎಂದಳು. ಕಾಯುವುದನ್ನು ಅವಳಿಗೆ ಕಲಿಸಿದವಳು ನಾನೇ, ಈಗ ಯಾವ ಬಾಯಲ್ಲಿ ಕಾಯಬೇಡ ಎನ್ನಲಿ.

ವಿಜಯನಗರ, ವಾಪಸ್

ನವರಾತ್ರಿಯ ಐದನೇ ದಿನ ಬೆಳಿಗ್ಗೆ ಹೂ ಕಟ್ಟುತ್ತಿದ್ದಾಗ ಎಡಗಣ್ಣಿನೊಳಗೆ ಕಪ್ಪು ದಾರಗಳು ಇಳಿದು ಬಂದವಂತೆ. ಹೂವಿನ ದಾರವೇ ಕಣ್ಣಿಗೆ ಅಡ್ಡ ಬಂದಿದೆ ಎಂದುಕೊಂಡು ಕೈಯಿಂದ ಸರಿಸಿದಳಂತೆ. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಕತ್ತಲೆ. ಒಳಗೆ ರಕ್ತಸ್ರಾವವಾಗಿತ್ತು. ಆಸ್ಪತ್ರೆಯಲ್ಲಿ ನೋಡಿದರು, ಆಪರೇಷನ್ ಆಗಬೇಕು ಎಂದರು. ಬೆಂಗಳೂರಿಗೆ ಬಾ ಎಂದು ಆಗಲೂ ಫೋನಿನಲ್ಲಿ ಕರೆದೆ, ಜನವರಿ ತನಕ ತಾನೇ ಎಂದಳು. ಆಪರೇಷನ್ ಆದದ್ದು ಜನವರಿಯಲ್ಲಿ, ವಿಮೆ ಬಂದ ಮೇಲೆ. ಅಷ್ಟರಲ್ಲಿ ಕಣ್ಣಿನ ಹಿಂದಿನ ಪರದೆ ಕಿತ್ತು ಬಂದಿತ್ತು. ಈಗ ಆ ಕಣ್ಣಿಗೆ ಕಿಟಕಿ ಯಾವ ಕಡೆಯಿದೆ ಎನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಜನ ನನ್ನನ್ನು ಅಮೆರಿಕ ಹೇಗಿತ್ತು ಎಂದು ಕೇಳುತ್ತಾರೆ. ಅಲ್ಲಿನ ಕಾನೂನು ಹೊರಗಿನವರಿಗೆ ಕಷ್ಟವಂತಲ್ಲ ಎನ್ನುತ್ತಾರೆ. ಕಷ್ಟವೇ. ಐದು ವರ್ಷದ ಗೋಡೆ ಕಟ್ಟಿಟ್ಟಿದ್ದಾರೆ, ಅರವತ್ತು ದಿನದ ಬಾಗಿಲು ಇಟ್ಟಿದ್ದಾರೆ. ಆದರೆ ನನ್ನ ತಂಗಿಗೆ ಆ ಬಾಗಿಲು ತೆರೆದೇ ಇತ್ತು. ಅಡ್ಡ ನಿಂತವಳು ನಾನು.

ಒಂದು ಭಾನುವಾರ ಸುಮಾ ವಿಡಿಯೋ ಕಾಲ್ ಮಾಡಿದಾಗ ತಡೆಯಲಾಗಲಿಲ್ಲ. "ಸುಮಾ, ಒಂದು ಮಾತು ಹೇಳ್ಬೇಕು. ಗಡುವಿಗೆ ಮೂರು ದಿನ ಇದ್ದಾಗ ಲೊರೇನ್ ಫೋನ್ ಮಾಡಿದ್ರು. ನಾನು ನಿಂಗೆ ಹೇಳ್ಲಿಲ್ಲ" ಎಂದೆ.

ಅವಳು ಹೂ ಕಟ್ಟುತ್ತಿದ್ದಳು. ಬಲಗಣ್ಣೂ ಮೊದಲಿನಷ್ಟು ಚುರುಕಿಲ್ಲ. ಈಗ ನೋಡಿ ಕಟ್ಟುವುದಿಲ್ಲ, ಬೆರಳಿನಲ್ಲೇ ತೊಟ್ಟು ಹುಡುಕುತ್ತಾಳೆ.

"ಗೊತ್ತು ಅಕ್ಕ. ಲೈಬ್ರರಿಗೆ ಹೋದ ದಿನವೇ ಅವರು ಹೇಳಿದ್ರು, ನೀನು ಮ್ಯಾನೇಜರ್ ಎಲ್ಲಿ ಅಂತ ಹುಡುಕ್ಕೊಂಡು ಹೋದಾಗ."

"ಮತ್ತೆ ಬೈಲಿಲ್ಲ ಯಾಕೆ?"

"ಏನಂತ ಬೈಲಿ. ಮೊದಲ್ನೇ ದಿನ ಲೈಬ್ರರೀಲಿ ನಾನೂ ಅಲ್ಲೇ ಇದ್ನಲ್ಲ, ಪೆನ್ನು ಟೇಬಲ್ ಮೇಲೇ ಇತ್ತು."

ಅವಳು ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ನನ್ನ ಅಳು ನೋಡಲಾಗದೆ ಮಾತು ಬದಲಿಸಲು ಹೋದಳು. ಅಧ್ಯಕ್ಷರಿಗೆ ಆ ದುಂಡು ಸೀಲು ಬಹಳ ಹಿಡಿಸಿದೆಯಂತೆ. ಈಗ ಸೇವೆಯ ರಸೀದಿಗಳಿಗೆಲ್ಲ ಅದನ್ನೇ ಒತ್ತುತ್ತಾರಂತೆ, ಭಕ್ತರೂ ಮೆಚ್ಚಿದ್ದಾರಂತೆ.

"ತೋರಿಸ್ತೀನಿ ಇರು" ಎಂದು ಎದ್ದು ಹೋಗಿ ಒಂದು ರಸೀದಿ ತಂದಳು. ನನಗೆ ಹಿಡಿದು ತೋರಿಸುವ ಮೊದಲು ಅದನ್ನು ಬಲಗಣ್ಣಿಗೆ ತೀರಾ ಹತ್ತಿರ ತಂದುಕೊಂಡು, ನಿಧಾನವಾಗಿ ಸುತ್ತಲೂ ತಿರುಗಿಸುತ್ತಾ ಓದಿದಳು.

"ಒಂದಕ್ಷರಾನೂ ಅಳಿಸಿಲ್ಲ ಅಕ್ಕ. ಚೆನ್ನಾಗಿ ಬಿದ್ದಿದೆ."